ಉಪ್ಪು ತಂದವರ ಋಣ

ನಮ್ಮ ಸೀಮೆಯಲ್ಲಿ ಹೊಸಬರ ಪರಿಚಯವಾದಾಗ, ಕುಡಿಯಲು ನೀರು ಕೊಟ್ಟ ಮೇಲೆ, ಕೇಳುವ ಪ್ರಶ್ನೆಗಳು ಎರಡು. 'ತಮ್ಮದು ಯಾವೂರಾಯ್ತು?' ಎಂಬುದು ಮೊದಲನೆಯದು. ಬಂದವರು 'ಚನ್ನಗಿರಿ' ಎಂದೋ 'ಹೊನ್ನಾಳಿ' ಎಂದೋ 'ಜಗಳೂರು' ಎಂದೋ ಹೇಳುತ್ತಾರೆ. ಅಷ್ಟಕ್ಕೆ ಮಾತು ನಿಲ್ಲುವುದುಂಟು. ಕೆಲವರ ವಿಷಯದಲ್ಲಿ ಮಾತ್ರ ಇನ್ನೊಂದು ಪ್ರಶ್ನೆ ಹೊರಡುತ್ತದೆ: 'ಅದು ಸರಿ, ಮೂಲ ಎಲ್ಲಿಯವರು?' ಮೊದಲನೆಯದು ಸೌಜನ್ಯದ ಪ್ರಶ್ನೆ; ಎಲ್ಲರಿಗೂ ಕೇಳುತ್ತೇವೆ. ಎರಡನೆಯದನ್ನು ಆರಿಸಿ ಕೇಳುತ್ತೇವೆ. ಯಾರಿಗೆ ಕೇಳಬೇಕು, ಯಾರಿಗೆ ಬೇಡ ಎಂಬುದನ್ನು ನಮಗೆ ಯಾರೂ ಕಲಿಸಿಲ್ಲ. ಆದರೂ ನಾಲಗೆಗೆ ಅದು ತಾನಾಗಿ ತಿಳಿದಿರುತ್ತದೆ. ಬಂದವನು ಎಂದು ಇದ್ದವನಾಗುತ್ತಾನೆ? ಎಷ್ಟು ತಲೆಮಾರು ಕಳೆದರೆ ಎರಡನೆಯ ಪ್ರಶ್ನೆ ತಪ್ಪುತ್ತದೆ? ಇದನ್ನು ಕುರಿತು ಸ್ವಲ್ಪ ಯೋಚಿಸೋಣ ಎಂದು ಈ ಬರೆಹ.

ಈಚೆಗೆ ನಾರ್ವೆ ದೇಶದ ಕೊಲೆಟ್ ಎಂಬ ವರ್ತಕ ಮನೆತನದ ಚರಿತ್ರೆ ನನ್ನ ಕಣ್ಣಿಗೆ ಬಿತ್ತು. ಎಲ್ಲಿಯ ನಾರ್ವೆ, ಎಲ್ಲಿಯ ನ್ಯಾಮತಿ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ನನ್ನ ಪ್ರಶ್ನೆಗೆ ಅದು ಒಳ್ಳೆಯ ಒರೆಗಲ್ಲಾಗಿ ಕಂಡಿತು. ಆದ್ದರಿಂದ ಮೊದಲು ಆ ಕತೆ.

1666ರಲ್ಲಿ ಲಂಡನ್ ನಗರ ಬೆಂಕಿಗೆ ತುತ್ತಾಯಿತು. ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟು ಬೂದಿಯಾದವು. ಸುಟ್ಟ ಊರನ್ನು ಮತ್ತೆ ಕಟ್ಟಬೇಕಾದರೆ ತೊಲೆ ಬೇಕು, ಹಲಗೆ ಬೇಕು. ಸಮುದ್ರದಾಚೆಯ ನಾರ್ವೆಯಲ್ಲಿ ದಟ್ಟವಾದ ಕಾಡುಗಳೂ ನೀರಿನ ಬಲದಿಂದ ಓಡುವ ಗರಗಸಗಳೂ ಇದ್ದವು. ಒಂದೂರಿನ ಬೆಂಕಿ ಇನ್ನೊಂದೂರಿನ ಒಲೆ ಹೊತ್ತಿಸಿತು. ನಾರ್ವೆಯ ಮರದ ವ್ಯಾಪಾರ ಕುದುರಿತು. ಈ ವ್ಯಾಪಾರದ ಜಾಡು ಹಿಡಿದು 1683ರಲ್ಲಿ ಜೇಮ್ಸ್ ಕೊಲೆಟ್ ಎಂಬ ಲಂಡನ್ನಿನ ತರುಣ ಕ್ರಿಸ್ಟಿಯಾನಿಯಾ ಬಂದರಿನಲ್ಲಿ ಇಳಿದ. ಅದೇ ಇಂದಿನ ಓಸ್ಲೋ. ಆತನಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಅಲ್ಲಿನ ಲೋಯ್ಕ್ ಎಂಬ ವರ್ತಕ ಮನೆತನದೊಡನೆ ಪಾಲುದಾರಿಕೆ ಮಾಡಿದ. ಆ ಮನೆಯ ಕಾರೆನ್ ಎಂಬ ಹೆಣ್ಣನ್ನು ಮದುವೆಯಾದ. 1727ರಲ್ಲಿ ಸಾಯುವ ಹೊತ್ತಿಗೆ ಅವನು ಆ ಊರಿನ ದೊಡ್ಡ ಸಾಹುಕಾರರಲ್ಲಿ ಒಬ್ಬನಾಗಿದ್ದ.

ಮುಂದಿನದನ್ನು ಸಂಗ್ರಹವಾಗಿ ಹೇಳುತ್ತೇನೆ. ಅವನ ವಂಶದ ಜಾನ್ ಕೊಲೆಟ್ ಉಲ್ಲೆವೋಲ್ ಎಂಬ ತನ್ನ ಜಮೀನಿನಲ್ಲಿ ಹೊಸ ಬೇಸಾಯದ ಪ್ರಯೋಗಗಳನ್ನು ನಡೆಸಿ ಹೆಸರಾದ. 1814ರಲ್ಲಿ ನಾರ್ವೆಯ ಜನ ಐಡ್ಸ್‌ವೋಲ್ ಎಂಬಲ್ಲಿ ಸಭೆ ಸೇರಿ ತಮ್ಮ ಸಂವಿಧಾನವನ್ನು ಬರೆದುಕೊಂಡಾಗ ಯೋಹಾನ್ ಕೊಲೆಟ್ ಎಂಬಾತ ಆ ಸಭೆಯ ಸದಸ್ಯನಾಗಿ ಕುಳಿತಿದ್ದ. ಯೋನಾಸ್ ಕೊಲೆಟ್ ಹಣಕಾಸಿನ ಮಂತ್ರಿಯಾದ. 1836ರ ವರೆಗೆ ಹಲವು ವರ್ಷ ಆ ದೇಶದ ಮಂತ್ರಿಗಳಲ್ಲಿ ಮೊದಲಿಗನಾಗಿದ್ದ. ಆ ಮನೆಗೆ ಸೊಸೆಯಾಗಿ ಬಂದ ಕಮಿಲಾ ಕೊಲೆಟ್ 1854-55ರಲ್ಲಿ ಬರೆದ ಕಾದಂಬರಿ ಹೆಣ್ಣುಮಕ್ಕಳ ಬಾಳಿನ ಬಗೆಗೆ ಆ ದೇಶದ ಕಣ್ಣು ತೆರೆಸಿತು. 1977ರಿಂದ ಸುಮಾರು ಎರಡು ದಶಕಗಳ ಕಾಲ ನಾರ್ವೆಯ ನೂರು ಕ್ರೋನರ್ ನೋಟಿನ ಮೇಲೆ ಇದ್ದದ್ದು ಆಕೆಯ ಮುಖ. ಮನೆತನದ ಹಳೆಯ ಮನೆಯೊಂದನ್ನು ಬಿಚ್ಚಿ ಸಾಗಿಸಿ ಓಸ್ಲೋದ ಜಾನಪದ ವಸ್ತುಸಂಗ್ರಹಾಲಯದ ಬಯಲಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಊರಿನ ಒಂದು ಬೀದಿಗೂ ಕೊಲೆಟರ ಹೆಸರಿದೆ. ಲಂಡನ್ನಿನಿಂದ ಬಂದ ಮರದ ವ್ಯಾಪಾರಿಯ ಅಡ್ಡಹೆಸರು ದೇಶದ ಹಣದ ಮೇಲೆ ಅಚ್ಚಾಯಿತು! 'ಮೂಲ ಎಲ್ಲಿಯವರು?' ಎಂದು ಕೊಲೆಟರನ್ನು ಇಂದು ಯಾರಾದರೂ ಕೇಳಿದರೆ ಅದು ಅನುಮಾನದ ಪ್ರಶ್ನೆಯಾಗದು. ಮನೆತನದ ಹಿರಿಮೆಯನ್ನು ಹೇಳಿಸಿ ಕೇಳುವ ಪ್ರಶ್ನೆಯಾಗುತ್ತದೆ.

ಇದನ್ನು ಓದಿದಾಗ ಸಾಮಾನ್ಯವಾಗಿ ಮನಸ್ಸಿಗೆ ಬರುವ ಉತ್ತರ ಇದು: ಮೂರು ಶತಮಾನ ಕಳೆದರೆ ಯಾರು ತಾನೆ ಹೊರಗಿನವರು? ಕಾಲವೇ ಎಲ್ಲರನ್ನೂ ಊರಿನವರನ್ನಾಗಿ ಮಾಡುತ್ತದೆ. ಕೇಳಲು ಹಿತವಾದ ಮಾತು. ಇದು ನಿಜವೆ ಎಂದು ನೋಡಬೇಕಾದರೆ ನಾರ್ವೆಯಿಂದ ನಮ್ಮ ನೆಲಕ್ಕೆ ಬರಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯ ಒಡಲಿನಿಂದ ಬೇರೆಯಾಗಿ ತಾಲ್ಲೂಕಾದದ್ದು ಇನ್ನೂ ಈಚೆಗೆ. ಒಂದು ಕಡೆ ಮಲೆನಾಡಿನ ಸೆರಗು, ಅಡಕೆಯ ತೋಟ, ಇನ್ನೊಂದು ಕಡೆ ಜಗಳೂರಿನ ಮಳೆ ಕಾಣದ ಕೆಂಪು ನೆಲ, ನಡುವೆ ತುಂಗಭದ್ರೆ. ಘಟ್ಟದ ಮೇಲಿನ ಸರಕು ಬಯಲಿಗೆ ಇಳಿಯಬೇಕಾದರೂ ಬಯಲಿನ ಧಾನ್ಯ ಘಟ್ಟಕ್ಕೆ ಏರಬೇಕಾದರೂ ಈ ಸೀಮೆಯನ್ನು ತುಳಿದೇ ಹೋಗಬೇಕಾಗಿತ್ತು. ದಾರಿಯ ಊರುಗಳಿಗೆ ಬಂದವರು ಹೊಸಬರಲ್ಲ. ದಾವಣಗೆರೆಯ ಕತೆಯನ್ನೇ ನೋಡಿ. ಹೈದರ್ ಅಲಿ ಅಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಅದನ್ನು ಜಹಗೀರಾಗಿ ಕೊಟ್ಟ. ಅವನು ವರ್ತಕರನ್ನು ಕರೆಕರೆದು ನೆಲೆಗೊಳಿಸಿದ. ಸಣ್ಣ ಹಳ್ಳಿ ಪೇಟೆಯಾಯಿತು. ನಗರ, ಸಾಗರಗಳ ಅಡಕೆ ಮೆಣಸು ದಾವಣಗೆರೆಯ ಮೂಲಕ ದೂರದ ವಾಲಾಜಾಪೇಟೆಗೆ ಹೋಗುತ್ತಿತ್ತು; ಅಲ್ಲಿಂದ ಮದರಾಸಿನ ಸರಕೂ ಉಪ್ಪೂ ಬರುತ್ತಿದ್ದವು. ನಮ್ಮ ಪೇಟೆಯ ಭಾಗ್ಯ ಬಂದವರು ತಂದದ್ದು.

ಬಂದವರನ್ನು ಕಾಪಾಡುವ ಧರ್ಮವೂ ಈ ನೆಲಕ್ಕೆ ಹೊಸದಲ್ಲ. ಚನ್ನಗಿರಿಗೆ ಆ ಹೆಸರು ಕೆಳದಿಯ ಚೆನ್ನಮ್ಮಾಜಿಯಿಂದ ಬಂತೆಂದು ಪ್ರತೀತಿ. ಜೇಮ್ಸ್ ಕೊಲೆಟ್ ನಾರ್ವೆಯ ದಡದಲ್ಲಿ ಕಾಲಿಟ್ಟ ವರ್ಷ ಇಲ್ಲಿ ಆಕೆಯ ಆಳ್ವಿಕೆ ನಡೆದಿತ್ತು. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ, ಬಾದಶಹನ ಮುನಿಸಿಗೆ ಅಂಜದೆ ಆಕೆ ಅವನಿಗೆ ಆಶ್ರಯ ಕೊಟ್ಟು ಮುಂದಕ್ಕೆ ದಾಟಿಸಿದಳು. ಆ ಕತೆಯನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡುತ್ತೇವೆ, ಹೇಳಬೇಕಾದದ್ದೆ.

ಹಾಗಾದರೆ ಕೊಲೆಟರಂತೆ ಪರದೇಶದಿಂದ ವ್ಯಾಪಾರಕ್ಕೆಂದು ಬಂದು, ಸುಮಾರು ಅದೇ ಕಾಲದಿಂದ ಈ ನೆಲದಲ್ಲಿ ಬಾಳಿದ ಮನೆತನಗಳು ನಮ್ಮಲ್ಲಿ ಉಂಟೆ? ಉಂಟು. ಆದರೆ ಅವರನ್ನು ನಾವು ವರ್ತಕ ಮನೆತನಗಳೆಂದು ಕರೆಯುವುದಿಲ್ಲ. ಲಂಬಾಣಿಗಳೆಂದು ಕರೆಯುತ್ತೇವೆ.

ಲಂಬಾಣಿಗಳು, ಎಂದರೆ ಬಂಜಾರರು, ಮಾರವಾಡದ ಕಡೆಯಿಂದ ಬಂದವರು. ಅವರ ಮಾತು ರಾಜಸ್ಥಾನದ ಮಾತುಗಳಿಗೆ ಹತ್ತಿರದ ಬಂಧು. ರಾಠೋಡ, ಪವಾರ, ಚವಾಣ ಎಂಬ ಅವರ ಕುಲನಾಮಗಳು ಅಲ್ಲಿಯವೇ. 17ನೆಯ ಶತಮಾನದಲ್ಲಿ ಮೊಗಲರ ದಂಡುಗಳು ದಕ್ಷಿಣಕ್ಕೆ ಇಳಿದಾಗ ಆ ದಂಡಿಗೆ ಧಾನ್ಯ ಹೊತ್ತು ಬಂದವರು ಇವರು. ಒಬ್ಬೊಬ್ಬ ನಾಯಕನ ಕೈಕೆಳಗೆ ಸಾವಿರಾರು ಹೇರೆತ್ತುಗಳಿದ್ದುವಂತೆ. ಭಂಗಿ, ಜಂಗಿ ಎಂಬ ಇಬ್ಬರು ನಾಯಕರ ಬಳಿ ಒಂದು ಲಕ್ಷ ಎಂಬತ್ತು ಸಾವಿರ ಎತ್ತುಗಳಿದ್ದುವೆಂದು ಅವರ ಪರಂಪರೆ ಹೇಳುತ್ತದೆ. ಎಣಿಕೆ ಹಾಗಿರಲಿ, ಗಾಡಿ ನಡೆಯದ ದಾರಿಯಲ್ಲಿ ಸರಕು ಸಾಗಬೇಕಾದರೆ ಗೋಣಿಯನ್ನು ಎತ್ತಿನ ಬೆನ್ನಿಗೇರಿಸುವುದೊಂದೇ ಉಪಾಯವಾಗಿದ್ದ ಕಾಲದಲ್ಲಿ ದೇಶದ ಉದ್ದಗಲಕ್ಕೂ ಆ ಉಪಾಯ ಬಲ್ಲವರು ಇವರು. ಇವರು ಬಾಡಿಗೆಗೆ ಹೊರುವ ಹಮಾಲರು ಮಾತ್ರ ಆಗಿರಲಿಲ್ಲ. ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರುವ ವರ್ತಕರು; ಲಾಭನಷ್ಟ ಅವರದೇ. ಕರಾವಳಿಯ ಉಪ್ಪು ಘಟ್ಟ ಹತ್ತಿ ಬಯಲಿಗೆ ಬಂದದ್ದು ಇಂಥ ಎತ್ತುಗಳ ಬೆನ್ನ ಮೇಲೆ. ಲಂಬಾಣಿ ಎಂಬ ಹೆಸರೇ ಲವಣದಿಂದ ಬಂದದ್ದೆಂದು ಹೇಳುವವರುಂಟು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಇಂಥದೊಂದು ವರ್ತಕ ಕುಟುಂಬದಲ್ಲಿ ಹುಟ್ಟಿದವರು ಸಂತ ಸೇವಾಲಾಲರು. 1739ರ ಫೆಬ್ರವರಿ 15 ಅವರ ಜನ್ಮದಿನವೆಂದು ಸಮಾಜ ಆಚರಿಸುತ್ತದೆ. ತಂದೆ ಭೀಮಾನಾಯಕ, ಸಾವಿರಾರು ದನಗಳ ಒಡೆಯ, ದೂರದೂರಕ್ಕೆ ಸರಕು ಸಾಗಿಸಿದವನು ಎಂದು ಪರಂಪರೆಯ ಹಾಡುಗಳು ಹೇಳುತ್ತವೆ. ಮಗ ವ್ಯಾಪಾರದ ದಾರಿಯಲ್ಲೇ ನಡೆದು ತನ್ನ ಜನಕ್ಕೆ ಬಾಳುವ ದಾರಿಯನ್ನು ಹೇಳಿದ. ಅವರ ಸಮಾಧಿ ಇರುವುದು ಮಹಾರಾಷ್ಟ್ರದ ಪೋಹರಾದೇವಿಯಲ್ಲಿ. ಹುಟ್ಟಿದ ನೆಲಕ್ಕೂ ಮಲಗಿದ ನೆಲಕ್ಕೂ ನಡುವೆ ನೂರಾರು ಮೈಲಿ. ಎತ್ತಿನ ಬೆನ್ನಿನ ವ್ಯಾಪಾರದ ಹರಹನ್ನು ಇದೊಂದೇ ಸಂಗತಿ ತಿಳಿಸುತ್ತದೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಜಾತ್ರೆಗೆ ಕಾಲ್ನಡಿಗೆಯಲ್ಲಿ ಬರುವ ಮಾಲಾಧಾರಿಗಳನ್ನು ನೋಡಿದವರಿಗೆ ಆ ಸಣ್ಣ ಊರು ಎಷ್ಟು ದೊಡ್ಡದೆಂದು ಗೊತ್ತು. ಕೊಲೆಟರ ಹಿರಿಯನಿಗೂ ಭೀಮಾನಾಯಕನಿಗೂ ನಡುವೆ ಹೆಚ್ಚೆಂದರೆ ಎರಡು ಮೂರು ತಲೆಮಾರಿನ ಅಂತರ. ಒಬ್ಬ ಮರವನ್ನು ಕಡಲ ಮೇಲೆ ಸಾಗಿಸಿದವನು. ಇನ್ನೊಬ್ಬ ಧಾನ್ಯವನ್ನೂ ಉಪ್ಪನ್ನೂ ನೆಲದ ಮೇಲೆ ಸಾಗಿಸಿದವರ ಕುಲದವನು.

ವರ್ತಕನನ್ನು ದೇವರನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಲಂಬಾಣಿಗಳು ದಂಡಿಗೆ ಧಾನ್ಯ ಒದಗಿಸಿದರು. ಆ ದಂಡು ಎಷ್ಟೋ ಬಾರಿ ನಮ್ಮ ಹೊಲಗಳನ್ನೇ ತುಳಿದಿತ್ತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನನ್ನು 1800ರಲ್ಲಿ ಇಂಗ್ಲಿಷರ ವೆಲ್ಲೆಸ್ಲಿ ಬೆನ್ನಟ್ಟಿ ಕೊಂದಾಗ ಆ ಸೈನ್ಯಕ್ಕೂ ಅಕ್ಕಿ ತಂದವರು ಇದೇ ಬಂಜಾರರು. ಕೊಂಡವನು ಯಾರೆಂದು ತಕ್ಕಡಿ ಕೇಳುವುದಿಲ್ಲ. ಅದು ವರ್ತಕ ವೃತ್ತಿಯ ಗುಣವೂ ಹೌದು, ದೋಷವೂ ಹೌದು. ಕೊಲೆಟರ ಸಂಪತ್ತು ಕೂಡ ಕಾಡು ಕಡಿದ ಸಂಪತ್ತು. ಹಿಮದಲ್ಲಿ ಮರ ಕಡಿದು ಹೊಳೆಗೆ ಇಳಿಸಿದ ಬಡರೈತರ ಬೆವರಿನ ಲೆಕ್ಕ ಅವರ ಚರಿತ್ರೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಆದ್ದರಿಂದ ಇಬ್ಬರಲ್ಲಿ ಯಾರು ಹೆಚ್ಚು ಯೋಗ್ಯರು ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಇಬ್ಬರೂ ಬಂದವರು, ಇಬ್ಬರೂ ವರ್ತಕರು, ಇಬ್ಬರೂ ನೆಲಕ್ಕೆ ಬೇಕಾದದ್ದನ್ನು ಒದಗಿಸಿದವರು. ಹಾಗಿದ್ದೂ ಒಬ್ಬರ ಹೆಸರು ನೋಟಿನ ಮೇಲೆ ಏರಿತು. ಇನ್ನೊಬ್ಬರ ಊರಿನ ಹೆಸರು ಕಂದಾಯದ ಪುಸ್ತಕದಲ್ಲೂ ಸೇರಲಿಲ್ಲ. ಏಕೆ?

ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. 19ನೆಯ ಶತಮಾನದಲ್ಲಿ ಸಡಕುಗಳಾದವು, ಗಾಡಿಗಳು ಹೆಚ್ಚಿದವು. ಅದರ ಕೊನೆಯ ದಶಕಗಳಲ್ಲಿ ಬೆಂಗಳೂರಿನಿಂದ ದಾವಣಗೆರೆ, ಹರಿಹರಗಳಿಗೆ ರೈಲು ಬಂತು. ಉಪ್ಪಿನ ವ್ಯಾಪಾರ ಸರ್ಕಾರದ ಹತೋಟಿಗೆ ಹೋಯಿತು. ದೊಡ್ಡ ದಂಡಯಾತ್ರೆಗಳು ನಿಂತವು. ಸಾವಿರ ಎತ್ತು ಒಂದು ತಿಂಗಳಲ್ಲಿ ಸಾಗಿಸುತ್ತಿದ್ದುದನ್ನು ಉಗಿಬಂಡಿ ಒಂದು ರಾತ್ರಿಯಲ್ಲಿ ಸಾಗಿಸಿತು. ಇದು ಯಾರ ತಪ್ಪೂ ಅಲ್ಲ ಎನ್ನಬಹುದು; ಕಾಲ ಬದಲಾಯಿತು. ಆದರೆ ಆಮೇಲೆ ನಡೆದದ್ದು ಕಾಲದ ಕೆಲಸವಲ್ಲ, ಮನುಷ್ಯರ ಕೆಲಸ. ಇಂಗ್ಲಿಷರ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಮಾಡಿತು. ಹುಟ್ಟಿನಿಂದಲೇ ಮನುಷ್ಯನನ್ನು ಕಳ್ಳನೆಂದು ಬರೆದುಕೊಳ್ಳುವ ಕಾಯ್ದೆ ಅದು. ಮುಂದೆ ಹಲವು ಪ್ರಾಂತಗಳಲ್ಲಿ ಬಂಜಾರರ ಹೆಸರೂ ಆ ಪಟ್ಟಿಗೆ ಸೇರಿತು. ತಮ್ಮ ದಂಡಿಗೆ ಅಕ್ಕಿ ತಂದವರನ್ನೇ, ದಂಡು ನಿಂತ ಮೇಲೆ, ಅಲೆಮಾರಿಗಳೆಂದು ಅನುಮಾನಿಸಿದರು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿತು. ಕಾಯ್ದೆ ಹೋದರೂ ಕಣ್ಣಿನ ಅನುಮಾನ ಹೋಗುವುದು ತಡ.

ಎತ್ತುಗಳನ್ನು ಮಾರಿದವರು ಕಾಡಂಚಿನಲ್ಲೋ ಗುಡ್ಡದ ಬದಿಯಲ್ಲೋ ಗುಡಿಸಲು ಹಾಕಿ ನಿಂತರು. ನಿಂತ ಜಾಗಕ್ಕೆ ತಾಂಡಾ ಎಂದೇ ಹೆಸರಾಯಿತು. ಈ ಮಾತಿನ ಅರ್ಥವನ್ನು ನಾವು ಗಮನಿಸಿದಂತೆ ಕಾಣುವುದಿಲ್ಲ. ತಾಂಡಾ ಎಂದರೆ ಸರಕು ಹೊತ್ತು ಸಾಗುವ ಎತ್ತುಗಳ ಸಾಲು, ವರ್ತಕರ ತಂಡ. ನಡೆಯುವುದು ನಿಂತು ನೂರು ವರ್ಷವಾದರೂ ನಡೆಯುವುದರ ಹೆಸರು ಉಳಿದಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸುತ್ತ ಇಂಥ ತಾಂಡಾಗಳು ಎಷ್ಟೋ ಇವೆ. ಪ್ರತಿಯೊಂದೂ ನಿಂತುಹೋದ ಒಂದು ವ್ಯಾಪಾರದ ಮನೆ. ಬರ ಬಿದ್ದ ವರ್ಷ ಜಗಳೂರಿನ ಕಡೆಯ ತಾಂಡಾಗಳಿಂದ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುತ್ತಾರೆ. ಅಜ್ಜಂದಿರು ಸರಕಿನ ಒಡೆಯರಾಗಿ ಹತ್ತಿದ ಘಟ್ಟವನ್ನು ಮೊಮ್ಮಕ್ಕಳು ಕೂಲಿಯಾಳುಗಳಾಗಿ ಹತ್ತುತ್ತಾರೆ.

ಈಗ ಕಾಲದ ವಾದಕ್ಕೆ ಮರಳೋಣ. ಮುನ್ನೂರು ವರ್ಷ ಕಳೆದರೆ ಎಲ್ಲರೂ ಊರಿನವರು ಎಂದೆವು. ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಸಂತೆಯ ದಿನ ಬಟ್ಟೆಯ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ವಾದ ಕುಸಿದುಬೀಳುತ್ತದೆ. ಅಂಗಡಿಯ ಯಜಮಾನರ ತಾತ ಮಾರವಾಡದಿಂದ ಬಂದವರು; ಮನೆಯಲ್ಲಿ ಇಂದಿಗೂ ಅಲ್ಲಿಯ ಮಾತು. ಬಟ್ಟೆ ಕೊಳ್ಳಲು ಬಂದಾಕೆ ತಾಂಡಾದ ಮುದುಕಿ. ಆಕೆಯ ಮನೆಯ ಮಾತೂ ಅದೇ ಸೀಮೆಯದು. ಅವರ ಮನೆತನ ಬಂದು ಮೂರು ತಲೆಮಾರು, ಇವಳ ಕುಲ ಬಂದು ಮುನ್ನೂರು ವರ್ಷ. ಆದರೆ ಊರು ಅವರನ್ನು ಕೂಗುವುದು 'ಸೇಟ್ರೇ, ಬರ್ರಿ' ಎಂದು. ಅವಳನ್ನು ಕೇಳುವುದು 'ಏನಮ್ಮ, ಯಾವ ತಾಂಡಾದವಳು ನೀನು?' ಎಂದು. ಕನ್ನಡದ ಏಕವಚನ ಬಹುವಚನಗಳಿಗಿಂತ ಪ್ರಾಮಾಣಿಕವಾದ ಸಾಕ್ಷಿ ಇನ್ನೊಂದಿಲ್ಲ. ನಮ್ಮ ಮನಸ್ಸು ಮುಚ್ಚಿಟ್ಟುಕೊಂಡದ್ದನ್ನು ಅವು ಹೇಳಿಬಿಡುತ್ತವೆ. ಸೇಟರಿಗೆ ಸಲ್ಲುವ ಗೌರವ ತಪ್ಪೆಂದು ನಾನು ಹೇಳುವುದಿಲ್ಲ. ದುಡಿದು ಬಾಳಿದ ಯಾರಿಗಾದರೂ ಅದು ಸಲ್ಲಲಿ. ಒಂದೇ ನೆಲದಿಂದ ಬಂದ ಇಬ್ಬರಲ್ಲಿ ಮೊದಲು ಬಂದವಳು ಹೊರಗಿನವಳಾಗಿ ಉಳಿದು ಆಮೇಲೆ ಬಂದವರು ಊರಿನವರಾದದ್ದು ಹೇಗೆ ಎಂಬುದಷ್ಟೆ ನನ್ನ ಪ್ರಶ್ನೆ. ಕಾಲ ಇದಕ್ಕೆ ಉತ್ತರ ಹೇಳಲಾರದು.

ಇದನ್ನು ಕುರಿತು ನ್ಯಾಮತಿಯ ಹಿರಿಯ ಸ್ನೇಹಿತರೊಬ್ಬರೊಡನೆ ಮಾತಾಡಿದಾಗ ಅವರು ಒಂದು ಆಕ್ಷೇಪ ಎತ್ತಿದರು. 'ನೀವು ಹೇಳೋದು ಅರ್ಧ ಸರಿ. ನಿಮ್ಮ ಆ ನಾರ್ವೆಯವನು ಆ ಊರಿನ ಹೆಣ್ಣನ್ನ ಮದುವೆಯಾದ, ಅವರ ಮಾತು ಕಲಿತ, ಅವರೊಳಗೆ ಒಬ್ಬನಾದ. ಲಂಬಾಣಿಗಳು ಹಾಗೆ ಮಾಡಿದರೇನು? ತಮ್ಮ ತಾಂಡಾ, ತಮ್ಮ ಮಾತು, ತಮ್ಮ ಉಡುಪು ಅಂತ ಬೇರೆಯಾಗೇ ಉಳಿದರು. ಬೇರೆ ಉಳಿದವರನ್ನ ಬೇರೆ ಅನ್ನದೆ ಏನನ್ನೋಣ?' ಎಂದರು. ಮಾತಿನಲ್ಲಿ ಸತ್ಯಾಂಶವಿದೆ. ಬಂಜಾರರು ತಮ್ಮವರನ್ನು ಗೋರ್ ಎಂದೂ ಉಳಿದವರನ್ನು ಕೋರ್ ಎಂದೂ ಕರೆಯುತ್ತಾರೆ. ಗೆರೆಯ ಆಚೆ ಈಚೆ ಇಬ್ಬರೂ ಕಾವಲಿದ್ದರು ಎನ್ನಬೇಕು.

ಆದರೂ ಈ ಆಕ್ಷೇಪ ನಿಲ್ಲುವುದಿಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಪೇಟೆಗಳಲ್ಲಿ ಮನೆಯೊಳಗೆ ತೆಲುಗು, ಮರಾಠಿ, ಗುಜರಾತಿ, ಮಾರವಾಡಿ, ಕೊಂಕಣಿ ಆಡುವ ಮನೆತನಗಳು ಬೇಕಾದಷ್ಟಿವೆ. ತಮ್ಮಲ್ಲೇ ಹೆಣ್ಣು ತಂದು ತಮ್ಮಲ್ಲೇ ಕೊಡುತ್ತಾರೆ. ಅದನ್ನು ನಾವು 'ಸಂಪ್ರದಾಯಸ್ಥರು' ಎಂದು ಮೆಚ್ಚುತ್ತೇವೆ. ಬೇರೆಯಾಗಿರುವುದೇ ತಪ್ಪಾದರೆ ಎಲ್ಲರದೂ ತಪ್ಪು. ಉಳ್ಳವನ ಬೇರೆತನ ಮನೆತನದ ಮರ್ಯಾದೆಯಾಗಿ, ಇಲ್ಲದವನ ಬೇರೆತನ ಹೊರಗಿನವನ ಗುರುತಾಗಿ ಕಾಣುವುದಾದರೆ ನಾವು ಅಳೆಯುತ್ತಿರುವುದು ಬೇರೆತನವನ್ನಲ್ಲ, ಗಲ್ಲಾಪೆಟ್ಟಿಗೆಯನ್ನು. ಇನ್ನೊಂದು ಮಾತು. ಒಂದಾಗಬೇಕಾದರೆ ಒಳಗೆ ಕರೆಯುವವರೂ ಬೇಕು. ಜೇಮ್ಸ್ ಕೊಲೆಟ್ ಹೆಣ್ಣು ಕೇಳಿದ. ಲೋಯ್ಕ್ ಮನೆತನ ಕೊಟ್ಟಿತು. ನಮ್ಮ ಊರುಗಳ ಯಾವ ಮನೆ ತಾಂಡಾಕ್ಕೆ ಹೆಣ್ಣು ಕೊಡುತ್ತಿತ್ತು?

ನಾರ್ವೆಯನ್ನು ಇಲ್ಲಿ ಆದರ್ಶವೆಂದು ಎತ್ತಿ ಹಿಡಿಯುವುದೂ ಸರಿಯಲ್ಲ. ಯೋಹಾನ್ ಕೊಲೆಟ್ ಕುಳಿತಿದ್ದ ಆ 1814ರ ಸಭೆ ಬರೆದ ಸಂವಿಧಾನದ ಎರಡನೆಯ ವಿಧಿಯಲ್ಲಿ ಯೆಹೂದ್ಯರು ದೇಶದೊಳಗೆ ಕಾಲಿಡಕೂಡದೆಂದು ಇತ್ತು. ಹೊರಗಿನಿಂದ ಬಂದ ಒಂದು ವರ್ತಕ ಮನೆತನದವನು ಪೀಠದಲ್ಲಿ ಕುಳಿತಿದ್ದ ಹೊತ್ತಿನಲ್ಲೇ ಇನ್ನೊಂದು ಜನಾಂಗದ ಮುಖದ ಮೇಲೆ ಬಾಗಿಲು ಮುಚ್ಚಿತು. ಅದನ್ನು ತೆರೆಯಿಸಲು ಹಟ ಹಿಡಿದು ದುಡಿದವನು ಕಮಿಲಾ ಕೊಲೆಟಳ ಅಣ್ಣ, ಕವಿ ಹೆನ್ರಿಕ್ ವೆರ್ಗೆಲಾಂಡ್. ಅವನು ಕಣ್ಣು ಮುಚ್ಚಿದ್ದು 1845ರಲ್ಲಿ. ನಿಷೇಧ ರದ್ದಾದದ್ದು 1851ರಲ್ಲಿ. ಬಾಗಿಲು ಕಾಯುವ ಬುದ್ಧಿ ಯಾವುದೋ ಒಂದು ದೇಶದ ಸೊತ್ತಲ್ಲ. ಎಲ್ಲಿಯೂ ಬಾಗಿಲು ತಾನಾಗಿ ತೆರೆಯಲಿಲ್ಲ. ಒಳಗಿನವರು ಯಾರೋ ಎದ್ದುಹೋಗಿ ಅಗುಳಿ ತೆಗೆಯಬೇಕಾಯಿತು.

ಇಲ್ಲಿಗೆ ಬಂದ ಮೇಲೆ ಚೆನ್ನಮ್ಮಾಜಿಯ ಕತೆ ಮತ್ತೆ ನೆನಪಾಗುತ್ತದೆ. ಆಶ್ರಯ ಕೊಡುವುದು ದೊಡ್ಡ ಗುಣ. ಆದರೆ ಅದು ದಯೆ. ದಯೆಯಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ತಾಂಡಾದವರ ವಿಷಯದಲ್ಲಿ ನಾವು ಮಾತಾಡುವುದೆಲ್ಲ ಈ ದಯೆಯ ಧಾಟಿಯಲ್ಲೇ: 'ಪಾಪ, ಬಡವರು, ಏನಾದರೂ ಮಾಡಬೇಕು.' ರಾಜಾರಾಮ ಶರಣು ಬಂದವನು. ಲಂಬಾಣಿಗಳು ಶರಣು ಬಂದವರಲ್ಲ. ಅವರು ಸರಕು ತಂದವರು. ಅವರಿಗೂ ನಮಗೂ ಇರುವುದು ಕೊಟ್ಟು ಕೊಂಡವರ ಸಂಬಂಧ. ಅದಕ್ಕೆ ನಮ್ಮ ಭಾಷೆಯಲ್ಲಿ ಋಣ ಎಂಬ ಒಳ್ಳೆಯ ಮಾತಿದೆ. ಉಪ್ಪಿನ ಋಣವೆಂದರೆ ಕನ್ನಡಿಗನಿಗೆ ವಿವರಿಸಿ ಹೇಳಬೇಕಾಗಿಲ್ಲ. ಉಣ್ಣಿಸಿದ ಒಡೆಯನ ಋಣವನ್ನು ನೆನೆಯುತ್ತೇವೆ. ಆ ಉಪ್ಪನ್ನು ಕಡಲಿನಿಂದ ಮಣೆಯ ವರೆಗೆ ತಂದವನ ಋಣವನ್ನು ಯಾರು ನೆನೆದರು?

ಬಂದವನು ಊರಿಗೆ ಋಣಿಯೆಂದು ಎಲ್ಲರೂ ಹೇಳುತ್ತಾರೆ. 'ಈ ನೆಲದ ಅನ್ನ ತಿಂದಿದ್ದಾನೆ, ನೆಲಕ್ಕೆ ನಿಷ್ಠನಾಗಿರಲಿ' ಎಂದು ಅವನಿಂದ ಸಾಲ ವಸೂಲು ಮಾಡುತ್ತಲೇ ಇರುತ್ತಾರೆ. ಅದು ನ್ಯಾಯವೇ. ಆದರೆ ಖಾತೆಗೆ ಎರಡು ಪುಟ. ಬಂದವನಿಗೆ ಊರೂ ಋಣಿ. ಕೊಲೆಟರ ವಿಷಯದಲ್ಲಿ ಎರಡೂ ಪುಟಗಳನ್ನು ಬರೆದಿಟ್ಟರು. ಬರೆಯಲು ಅವರ ಬಳಿ ಕಾಗದವಿತ್ತು, ಲೆಕ್ಕಿಗರಿದ್ದರು, ಮನೆಯಿತ್ತು. ಲಂಬಾಣಿಯ ಚರಿತ್ರೆ ಭಾಟರ ಹಾಡಿನಲ್ಲಿ, ಹೆಣ್ಣುಮಕ್ಕಳ ಕಸೂತಿಯಲ್ಲಿ ಉಳಿಯಿತು. ಹಾಡಿನ ಸಾಕ್ಷ್ಯವನ್ನು ಕಚೇರಿ ಒಪ್ಪುವುದಿಲ್ಲ. ಹೀಗಾಗಿ ನಮ್ಮ ಕಡೆಯ ಸಾಲದ ಪುಟ ಖಾಲಿಯಾಗಿ ಕಾಣುತ್ತದೆ. ಖಾಲಿಯಾಗಿ ಕಾಣುವುದಕ್ಕೂ ಸಾಲವಿಲ್ಲದಿರುವುದಕ್ಕೂ ವ್ಯತ್ಯಾಸವುಂಟು. ಊರಿನವನಾಗುವುದೆಂದರೆ ಈ ಕೊಡುಕೊಳ್ಳುವಿಕೆಯಲ್ಲಿ ಸೇರುವುದು ಎಂದು ನಾನು ಭಾವಿಸುತ್ತೇನೆ. ಎಷ್ಟು ವರ್ಷವಾಯಿತು, ಎಷ್ಟು ಮಟ್ಟಿಗೆ ನಮ್ಮಂತಾದ ಎಂಬುದು ಆಮೇಲಿನ ಮಾತು. ಯಾರಿಗೆ ನಾವು ಋಣಿಯೋ ಅವರು ನಮ್ಮವರು.

ಈಚೆಗೆ ಕೆಲವು ಒಳ್ಳೆಯ ಕೆಲಸಗಳೂ ಆಗಿವೆ, ಹೇಳದಿದ್ದರೆ ಅನ್ಯಾಯವಾದೀತು. ಮಹಾರಾಷ್ಟ್ರದಲ್ಲಿ ಬಂಜಾರ ಕುಲದ ವಸಂತರಾವ್ ನಾಯಕರು 1963ರಿಂದ 1975ರ ವರೆಗೆ ಮುಖ್ಯಮಂತ್ರಿಗಳಾಗಿದ್ದರು. ನಮ್ಮಲ್ಲೂ ಆ ಸಮಾಜದಿಂದ ಶಾಸಕರು, ಮಂತ್ರಿಗಳು, ಅಧ್ಯಾಪಕರು, ವೈದ್ಯರು ಬಂದಿದ್ದಾರೆ. ದಾಖಲೆಯಿಲ್ಲದ ತಾಂಡಾ ಹಟ್ಟಿಗಳನ್ನು ಕಂದಾಯ ಗ್ರಾಮಗ್ಳನ್ನಾಗಿ ಮಾಡುವ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ಜಾಗದ ಹಕ್ಕುಪತ್ರ ಕೊಡಲಾಯಿತು. ತಲೆತಲಾಂತರದಿಂದ ವಾಸವಾಗಿದ್ದ ಗುಡಿಸಲಿನ ನೆಲ ತನ್ನದೆಂದು ಹೇಳುವ ಒಂದು ಹಾಳೆ ಕೈಗೆ ಬಂದಾಗ ಮುದುಕನೊಬ್ಬನಿಗೆ ಏನನ್ನಿಸಿರಬಹುದು! ಸ್ವಂತ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಸುಲಭವಾಗಿ ತಿಳಿಯದು.

ಆದರೆ ಹಕ್ಕುಪತ್ರವನ್ನು ಸರ್ಕಾರ ಕೊಡಬಹುದು, ಬಹುವಚನವನ್ನು ಕೊಡಲಾರದು. ಅದನ್ನು ಕೊಡಬೇಕಾದವರು ಅಂಗಡಿಯ ಕಟ್ಟೆಯ ಮೇಲೆ, ಬಸ್ಸಿನ ಬಾಗಿಲಲ್ಲಿ, ಶಾಲೆಯ ಜಗಲಿಯಲ್ಲಿ ನಿಂತಿರುವ ನಾವು. ಹಕ್ಕುಪತ್ರ ಕೊಟ್ಟದ್ದನ್ನು ಉಪಕಾರವೆಂದು ಎಣಿಸಿದರೆ ಮತ್ತೆ ದಯೆಯ ಹಳೆಯ ಧಾಟಿಗೇ ಬಿದ್ದಂತೆ. ಅದು ಬಹಳ ಹಿಂದಿನ ಸಾಲದ ಒಂದು ಸಣ್ಣ ಕಂತು. ಅಸಲು ಹಾಗೆಯೇ ಉಳಿದಿದೆ.

ನಮ್ಮ ಶಾಲೆಗಳ ಮಕ್ಕಳು ಇಂಗ್ಲೆಂಡಿನ ಕಂಪನಿ ಇಲ್ಲಿಗೆ ಬಂದ ಇಸವಿಯನ್ನು ಬಾಯಿಪಾಠ ಮಾಡುತ್ತಾರೆ. ಪಕ್ಕದ ತಾಂಡಾ ಯಾವ ದಾರಿಯಿಂದ ಬಂತು, ಏನು ಹೊತ್ತು ತಂತು, ಏಕೆ ಇಲ್ಲಿ ನಿಂತಿತು ಎಂದು ಕೇಳಿದರೆ ಮಕ್ಕಳಿಗೂ ಗೊತ್ತಿಲ್ಲ, ಮೇಷ್ಟರಿಗೂ ಗೊತ್ತಿಲ್ಲ. ಗೊತ್ತಿರುವ ಮುದುಕರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ನಮ್ಮ ನಾಲ್ಕು ತಾಲ್ಲೂಕಿನ ಯಾವನಾದರೊಬ್ಬ ಮೇಷ್ಟರು ಈ ಬೇಸಗೆಯಲ್ಲಿ ಹತ್ತು ಹುಡುಗರನ್ನು ಕರೆದುಕೊಂಡು ಹತ್ತಿರದ ತಾಂಡಾಕ್ಕೆ ಹೋಗಿ, ಅಲ್ಲಿಯ ಹಿರಿಯರ ಎದುರು ಕುಳಿತು, 'ತಾವು ಹಿಂದೆ ಏನು ವ್ಯಾಪಾರ ಮಾಡುತ್ತಿದ್ದಿರಿ ಅಜ್ಜ, ಹೇಳಿ' ಎಂದು ಕೇಳಿ ಬರೆದುಕೊಂಡರೆ ಖಾತೆಯ ಆ ಖಾಲಿ ಪುಟದಲ್ಲಿ ಮೊದಲ ಸಾಲು ಬಿದ್ದೀತು. 'ಮೂಲ ಎಲ್ಲಿಯವರು?' ಎಂಬ ಪ್ರಶ್ನೆಗೂ ಆಗ ಬೇರೆಯ ದನಿ ಬಂದೀತು. ಕೊಲೆಟರನ್ನು ಅವರ ದೇಶದವರು ಕೇಳುವ ದನಿ.